ವಿಷಣ್ಣನೋ, ಇರುಳಿನ ಯಾತ್ರಿಕನೋ? 16ನೇ ಶತಮಾನದ ಕಾರ್ಮೆಲ್ ಮಠಗಳ ಒಂದು ವಿವೇಚನೆ

1571ರ ಅಕ್ಟೋಬರಿನಲ್ಲಿ ಆವಿಲಾದ ಸಂತ ತೆರೇಸಾ ತಾವು ಒಮ್ಮೆ ಬಿಟ್ಟುಬಂದಿದ್ದ ಮನುಷ್ಯಾವತಾರ ಮಠಕ್ಕೆ ಮಠಾಧ್ಯಕ್ಷೆಯಾಗಿ ಹಿಂದಿರುಗಿದರು. ಅಲ್ಲಿದ್ದವರು ನೂರಕ್ಕೂ ಹೆಚ್ಚು ಸಂನ್ಯಾಸಿನಿಯರು. ಅವರಲ್ಲಿ ಅನೇಕರಿಗೆ ಈ ನೇಮಕ ಬೇಕಿರಲಿಲ್ಲ. ಮರುವರ್ಷ ಅವರ ಪಾಪನಿವೇದನೆಯನ್ನು ಆಲಿಸಲು ಮೂವತ್ತರ ಹರೆಯದ ಗುರುವೊಬ್ಬರನ್ನು ತೆರೇಸಾ ಕರೆಸಿಕೊಂಡರು. ಅವರೇ ಶಿಲುಬೆಯ ಸಂತ ಯೊವಾನ್ನ. 1577ರ ಡಿಸೆಂಬರಿನಲ್ಲಿ ಬಂಧಿತರಾಗುವವರೆಗೂ ಯೊವಾನ್ನರು ಆ ಸೇವೆಯಲ್ಲಿದ್ದರು.

ಈ ಇಬ್ಬರನ್ನು ನಾವು ಗುರುಮಠಗಳಲ್ಲಿ ಧ್ಯಾನದ ಶಿಖರಗಳಿಗಾಗಿ ಓದಿಸುತ್ತೇವೆ. ಆದರೆ ಇಬ್ಬರನ್ನೂ ಕಾಡಿದ್ದು ಮಠದ ದಿನನಿತ್ಯದ ಪ್ರಶ್ನೆಯೊಂದು: ಪ್ರಾರ್ಥನೆಯಲ್ಲಿ ರುಚಿಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದು ಕಣ್ಣೀರಿಡುವ ವ್ಯಕ್ತಿಯು ಸ್ವಭಾವತಃ ವಿಷಣ್ಣನೋ, ಅಥವಾ ದೇವರೇ ಇರುಳಿನೊಳಗೆ ನಡೆಸುತ್ತಿರುವವನೋ?

ಆ ಕಾಲದ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಸಿದ್ಧ ಉತ್ತರವಿತ್ತು. ಗ್ಯಾಲೆನನ ಪರಂಪರೆಯು ದೇಹದಲ್ಲಿ ನಾಲ್ಕು ರಸಗಳನ್ನು ಎಣಿಸಿತ್ತು. ಮೆಲಂಕೋಲಿಯಾ ಎಂಬ ಗ್ರೀಕ್ ಪದಕ್ಕೆ ಕರಿಪಿತ್ತವೆಂದೇ ಅರ್ಥ. ಪಿತ್ತ ನೆತ್ತಿಗೇರಿತು ಎನ್ನುವ ಕನ್ನಡಿಗರಿಗೆ ಈ ತರ್ಕ ಅಪರಿಚಿತವೇನಲ್ಲ. ವೈದ್ಯ ಹುವಾನ್ ಹುವಾರ್ತೆ ಮನುಷ್ಯರ ಬುದ್ಧಿಭೇದಗಳನ್ನು ದೇಹಪ್ರಕೃತಿಯಿಂದಲೇ ವಿವರಿಸಿದ ಗ್ರಂಥವನ್ನು 1575ರಲ್ಲಿ ಬಾಯೆಜಾ ಪಟ್ಟಣದಲ್ಲಿ ಪ್ರಕಟಿಸಿದನು. ನಾಲ್ಕು ವರ್ಷಗಳ ಬಳಿಕ ಅದೇ ಪಟ್ಟಣದ ಕಾರ್ಮೆಲ್ ವಿದ್ಯಾಮಠಕ್ಕೆ ಯೊವಾನ್ನರೇ ಮುಖ್ಯಸ್ಥರಾದರು.

ತೆರೇಸಾ 1573ರಲ್ಲಿ ಸಲಮಾಂಕಾದಲ್ಲಿ ಬರೆಯತೊಡಗಿದ ‘ಸ್ಥಾಪನೆಗಳ ಗ್ರಂಥ’ದ ಏಳನೆಯ ಅಧ್ಯಾಯವು ವಿಷಣ್ಣ ಸ್ವಭಾವದ ಸಂನ್ಯಾಸಿನಿಯರನ್ನು ಕುರಿತದ್ದು. ಅದರ ದನಿ ಕಠಿಣವೆಂದು ಮೊದಲ ಓದಿಗೆ ಅನಿಸದಿರದು. ತನ್ನಿಚ್ಛೆಯಂತೆ ನಡೆಯುವುದಕ್ಕೆಲ್ಲ ಈಗ ವಿಷಣ್ಣತೆಯೆಂದು ಹೆಸರಿಡಲಾಗುತ್ತಿದೆ ಎಂಬುದು ಅವರ ದೂರು; ಆ ಪದವನ್ನೇ ಮಠದಲ್ಲಿ ಉಚ್ಚರಿಸಬಾರದು, ಘೋರ ವ್ಯಾಧಿಯೆಂದು ಕರೆದು ವ್ಯಾಧಿಯಂತೆಯೇ ಉಪಚರಿಸಬೇಕು ಎನ್ನುತ್ತಾರೆ. ಉಪಚಾರವಾದರೋ ತೀರ ಮನೆಯೊಳಗಿನದು. ದೀರ್ಘ ಪ್ರಾರ್ಥನೆ ಬೇಡ, ಕೈತುಂಬ ಕೆಲಸವಿರಲಿ, ಮೀನೂಟ ಅಪರೂಪವಾಗಲಿ, ಉಪವಾಸ ಸಡಿಲಗೊಳ್ಳಲಿ. ಪ್ರಾರ್ಥನೆಯ ಗುರುವೆನಿಸಿದವರೇ ಪ್ರಾರ್ಥನೆಯನ್ನು ಕಡಿತಗೊಳಿಸಿದ್ದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಯೊವಾನ್ನರ ಆತಂಕ ಇದಕ್ಕೆ ವಿರುದ್ಧ ದಿಕ್ಕಿನದು. ‘ಕಾರ್ಮೆಲ್ ಬೆಟ್ಟದ ಆರೋಹಣ’ದ ಮುನ್ನುಡಿಯಲ್ಲಿ ಅವರು ಇರುಳಿನಲ್ಲಿರುವ ಆತ್ಮಕ್ಕೆ ಇದು ವಿಷಣ್ಣತೆ, ಇದು ನಿನ್ನ ಪ್ರಕೃತಿ, ಇಲ್ಲವೇ ಇದು ನಿನ್ನ ಗುಪ್ತ ಪಾಪದ ಫಲ ಎಂದು ತೀರ್ಪು ನೀಡುವ ಗುರುಗಳನ್ನು ಯೋಬನ ಸಾಂತ್ವನಕಾರರಿಗೆ ಹೋಲಿಸುತ್ತಾರೆ. ಬಳಿಕ ‘ಕಾರಿರುಳು’ ಗ್ರಂಥದ ಮೊದಲ ಭಾಗದ ಒಂಬತ್ತನೆಯ ಅಧ್ಯಾಯದಲ್ಲಿ ಮೂರು ಗುರುತುಗಳನ್ನು ಕೊಡುತ್ತಾರೆ. ಮೊದಲನೆಯದು, ದೈವಿಕ ವಿಷಯಗಳಲ್ಲಾಗಲಿ ಸೃಷ್ಟವಸ್ತುಗಳಲ್ಲಾಗಲಿ ಸವಿಯಿಲ್ಲದಿರುವುದು. ಆದರೆ ಇದು ಕರಿಪಿತ್ತದಿಂದಲೂ ಬಂದೀತೆಂದು ಅವರೇ ಒಪ್ಪುತ್ತಾರೆ. ಆದಕಾರಣ ಎರಡನೆಯದು ಬೇಕಾಗುತ್ತದೆ: ತಾನು ದೇವರ ಸೇವೆಯಲ್ಲಿ ಹಿಂದೆ ಸರಿಯುತ್ತಿದ್ದೇನೆಂಬ ನೋವಿನ ಕಾಳಜಿ. ಉಗುರುಬೆಚ್ಚನೆಯವನಿಗೆ ಈ ಕಾಳಜಿಯೇ ಇರದು. ಕೇವಲ ಪಿತ್ತಪೀಡಿತನಲ್ಲಿ ಎಲ್ಲವೂ ಬೇಸರವಾಗಿ, ಪ್ರಕೃತಿಯ ಕುಸಿತವಾಗಿ ಮುಗಿಯುತ್ತದೆ. ದೇವರ ಸೇವೆಯ ಹಂಬಲ ಅಲ್ಲಿ ಕಾಣದು. ಮೂರನೆಯದು, ಮೊದಲಿನಂತೆ ಕಲ್ಪನೆಯ ಮೂಲಕ ಧ್ಯಾನಿಸಲು ಆಗದಿರುವುದು. ದೇಹರಸವು ಒಂದೇ ಸ್ಥಿತಿಯಲ್ಲಿ ನಿಲ್ಲದು, ಅದು ಇಳಿದಾಗ ತುಸು ಪ್ರಯತ್ನದಿಂದ ಹಳೆಯ ಶಕ್ತಿ ಮರಳುತ್ತದೆ, ಇರುಳಿನಲ್ಲಿ ಹಾಗಾಗದು. ಇಲ್ಲಿ ಅಳತೆಗೋಲು ದುಃಖದ ಪ್ರಮಾಣವಲ್ಲ, ಆ ದುಃಖ ಮುಖ ಮಾಡಿರುವ ದಿಕ್ಕು. ಇಬ್ಬರೂ ಒಂದೇ ಸಮನೆ ಅತ್ತಾರು.

ಈ ಗುರುತುಗಳನ್ನು ತರಗತಿಯಲ್ಲಿ ಬೋಧಿಸುವುದು ಸುಲಭ. ಬೋಧಿಸುವಾಗ ನಾವು ದಾಟಿಹೋಗುವ ಒಂದು ಮಾತು ಅದೇ ಅಧ್ಯಾಯದಲ್ಲಿದೆ: ಇರುಳಿನ ಒಣತನದೊಂದಿಗೆ ವಿಷಣ್ಣತೆಯೂ ಹಲವೊಮ್ಮೆ ಕೂಡಿಕೊಂಡಿರುತ್ತದೆ, ಹಾಗಿದ್ದೂ ಶುದ್ಧೀಕರಣ ನಿಲ್ಲುವುದಿಲ್ಲ ಎಂಬುದು. ಅಂದರೆ ಎರಡು ಪ್ರಕಾರಗಳು ಬೇರೆ ಬೇರೆಯಾದರೂ ಅವು ಒಬ್ಬನಲ್ಲೇ ಇರಬಲ್ಲವು. ಯೊವಾನ್ನರನ್ನು ಉಲ್ಲೇಖಿಸಿ ಕಾಯಿಲೆಯನ್ನು ಅಲ್ಲಗಳೆಯುವವರು ಅವರನ್ನು ಅರ್ಧ ಓದಿದವರು. ತೆರೇಸಾರನ್ನು ಉಲ್ಲೇಖಿಸಿ ಇರುಳನ್ನೇ ಅಲ್ಲಗಳೆಯುವವರ ಗತಿಯೂ ಅದೇ.

ನಾವೂ ಅರ್ಧ ಓದಿದ್ದೆವು. ಕೆಲವು ವರ್ಷಗಳ ಹಿಂದೆ ಆಧ್ಯಾತ್ಮಿಕ ಮಾರ್ಗದರ್ಶನಕ್ಕೆ ಬರುತ್ತಿದ್ದ ತರುಣನೊಬ್ಬನಲ್ಲಿ ಮೂರು ಗುರುತುಗಳನ್ನೂ ಕಂಡು, ಇದು ಇರುಳು, ತಾಳಿಕೊಳ್ಳಿ ಎಂದೆವು. ಆತ ನಿದ್ರಿಸುತ್ತಿಲ್ಲವೆಂಬುದನ್ನು, ಊಟ ಬಿಟ್ಟಿದ್ದಾನೆಂಬುದನ್ನು ಎಂಟು ತಿಂಗಳು ನಾವು ಕೇಳಲೇ ಇಲ್ಲ. ಅಡುಗೆಮನೆಯವರು ಹೇಳಿದ ಬಳಿಕ ವೈದ್ಯರ ಬಳಿಗೆ ಕಳುಹಿಸಿದೆವು. ಇದನ್ನು ಬರೆಯಲು ಆತ ಒಪ್ಪಿದ್ದಾನೆ. ಔಷಧದಿಂದ ನಿದ್ರೆ ಮರಳಿತು, ಊಟವೂ ಸೇರತೊಡಗಿತು. ಪ್ರಾರ್ಥನೆಯ ಒಣತನ ಮಾತ್ರ ಹಾಗೆಯೇ ಉಳಿಯಿತು, ಅದರ ಕುರಿತು ಮಾತನಾಡಲು ಆತ ಆಮೇಲೂ ಬರುತ್ತಿದ್ದನು.