ಅನ್ಯಸನ್ನಿಧಿ: ಪುಣೆಯ ಬರವಣಿಗೆ ತರಗತಿಗೆ ಮೂರನೆಯ ಕೇಳುಗ

ಕಾಲೇಜಿನ ಇಂಗ್ಲಿಷ್ ಬರವಣಿಗೆ ತರಗತಿಗಳಲ್ಲಿ ರೆಟರಿಕ್ ವಿಶ್ಲೇಷಣೆ ಎಂದರೆ ಬಹುಮಟ್ಟಿಗೆ ಒಂದು ತ್ರಿಕೋನ: ಹೇಳುವವನು, ಕೇಳುವವನು, ಹೇಳುವ ವಿಷಯ. ಮೂರು ಮೂಲೆಗಳಿಗೆ ಅರಿಸ್ಟಾಟಲನ ಏಥೋಸ್ (ಹೇಳುವವನ ವ್ಯಕ್ತಿತ್ವ), ಪೇಥೋಸ್ (ಕೇಳುವವನ ಭಾವ), ಲೋಗೋಸ್ (ವಾದದ ತರ್ಕ) ಎಂಬುವನ್ನು ತಗುಲಿಹಾಕಿರುತ್ತಾರೆ. ಭಾಷಣವೊಂದರಲ್ಲಿ ಕಣ್ಣು ತೇವವಾಗಿಸುವ ಸಾಲು ಹುಡುಕಿ ಅಂಚಿನಲ್ಲಿ ‘ಪೇಥೋಸ್’ ಎಂದು ಬರೆದರೆ ಅಂಕ ಬರುತ್ತದೆ. ಅರಿಸ್ಟಾಟಲ್ ಇಷ್ಟು ಅಗ್ಗದವನಲ್ಲ. ಸಿಟ್ಟು, ಭಯ, ಕರುಣೆ, ಹೊಟ್ಟೆಕಿಚ್ಚುಗಳು ಯಾರಲ್ಲಿ, ಯಾರ ಮೇಲೆ, ಏತಕ್ಕೆ ಹುಟ್ಟುತ್ತವೆ ಎಂದು ಅವನ ‘ರೆಟರಿಕ್’ ಗ್ರಂಥದ ಎರಡನೆಯ ಭಾಗ ವಿಸ್ತಾರವಾಗಿ ವಿಚಾರಿಸುತ್ತದೆ. 1968ರಲ್ಲಿ ಲಾಯ್ಡ್ ಬಿಟ್ಜರ್ ಈ ಚರ್ಚೆಯನ್ನು ಸಂದರ್ಭದ ಕಡೆ ತಿರುಗಿಸಿ, ಮಾತನ್ನು ಹೊರಡಿಸುವ ತುರ್ತು, ಶ್ರೋತೃಗಳು, ಕಟ್ಟುಪಾಡುಗಳು ಎಂಬ ಮೂರನ್ನು ಮುಂದಿಟ್ಟ. ಅದೂ ಪಾಠಪುಸ್ತಕ ಸೇರುವ ಹೊತ್ತಿಗೆ ಮತ್ತೊಂದು ಪಟ್ಟಿಯಾಯಿತು.

ಪುಣೆಯ ಹತ್ತೊಂಬತ್ತನೆಯ ಶತಮಾನದ ಗದ್ಯವನ್ನು ಈ ತ್ರಿಕೋನದೊಳಗಿಟ್ಟು ಓದಿದರೆ ಮುಖ್ಯವಾದದ್ದೇ ಜಾರಿಹೋಗುತ್ತದೆ. ಅಲ್ಲಿನ ಮುಖ್ಯ ಬರಹಗಳಲ್ಲಿ ಮಾತು ಇಬ್ಬರ ನಡುವೆಯೇ ಮುಗಿಯುವುದಿಲ್ಲ, ಪಕ್ಕದಲ್ಲಿ ಮೂರನೆಯವನೊಬ್ಬ ಕಿವಿಗೊಟ್ಟು ಕೂತಿರುತ್ತಾನೆ. ಅವನನ್ನು ಗುರುತಿಸುವ ಉಪಕರಣ ನಮ್ಮ ಅಲಂಕಾರಶಾಸ್ತ್ರದಲ್ಲಿ ಮೊದಲಿನಿಂದಲೂ ಇದೆ. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದ ಮೂರನೆಯ ಉಲ್ಲಾಸದಲ್ಲಿ ವ್ಯಂಗ್ಯಾರ್ಥ ಹೊಳೆಯಲು ನೆರವಾಗುವ ಸಂಗತಿಗಳನ್ನು ಎಣಿಸುತ್ತಾನೆ: ವಕ್ತೃ, ಬೋದ್ಧವ್ಯ, ಕಾಕು, ವಾಕ್ಯ, ವಾಚ್ಯ, ಅನ್ಯಸನ್ನಿಧಿ, ಪ್ರಸ್ತಾವ, ದೇಶ, ಕಾಲ ಮುಂತಾದವು. ಹೇಳುವವ, ಕೇಳುವವ, ಸಂದರ್ಭ ಇವೆಲ್ಲ ಪಶ್ಚಿಮದ ಪಟ್ಟಿಯಲ್ಲೂ ಸಿಗುತ್ತವೆ. ಅನ್ಯಸನ್ನಿಧಿಗೆ, ಎಂದರೆ ಪಕ್ಕದಲ್ಲಿ ಇನ್ನೊಬ್ಬನ ಇರುವಿಕೆಗೆ, ಮಾತ್ರ ತರಗತಿಯ ತ್ರಿಕೋನದಲ್ಲಿ ಜಾಗವಿಲ್ಲ. ಮಮ್ಮಟ ಕೊಡುವ ಉದಾಹರಣೆಯಲ್ಲಿ ಸೊಸೆಯೊಬ್ಬಳು ಅತ್ತೆ ದಿನವಿಡೀ ದುಡಿಸುತ್ತಾಳೆ, ಸಂಜೆ ಮಾತ್ರ ಕೊಂಚ ಬಿಡುವು ಎಂದು ಇನ್ನೊಬ್ಬಳ ಮುಂದೆ ಗೋಳು ಹೇಳಿಕೊಳ್ಳುತ್ತಾಳೆ. ಗೋಳು ಎದುರಿನವಳಿಗೆ, ಸಂಜೆ ಬಾ ಎಂಬ ಸೂಚನೆ ಹತ್ತಿರವೇ ನಿಂತ ನಲ್ಲನಿಗೆ.

ಕಾವ್ಯಕ್ಕೆಂದು ಹುಟ್ಟಿದ ಈ ಪರಿಕಲ್ಪನೆಯನ್ನು ರಾಜಕೀಯ ಗದ್ಯಕ್ಕೆ ಎಳೆಯುತ್ತಿರುವುದು ನಾನು, ಮಮ್ಮಟನಲ್ಲ. ಎಳೆಯುವಾಗ ಒಂದು ಭೇದವನ್ನು ಸೇರಿಸಲೇಬೇಕು. ಸೊಸೆಯ ಮಾತಿನಲ್ಲಿ ಮೂರನೆಯವನು ಬಯಸಿ ಕರೆದವನು. ವಸಾಹತು ಕಾಲದ ಪತ್ರಿಕೆಯಲ್ಲಿ ಅವನು ಕರೆಯದೆ ಬಂದವನು: ದೇಶಭಾಷಾ ಪತ್ರಿಕೆಗಳನ್ನು ವಾರವಾರ ಅನುವಾದಿಸಿ ವರದಿ ಒಪ್ಪಿಸುತ್ತಿದ್ದ ಸರಕಾರಿ ಭಾಷಾಂತರಕಾರ.

ಈ ಮೂರನೆಯ ಕೇಳುಗನನ್ನು ತರಗತಿಯಲ್ಲಿ ತೋರಿಸಲು ಒಳ್ಳೆಯ ಸಾಮಗ್ರಿ ಪುಣೆಯ ಸಮಾಜ ಸುಧಾರಕ ಜೋತಿರಾವ್ ಫುಲೆಯವರಲ್ಲಿದೆ. 1873ರ ‘ಗುಲಾಮಗಿರಿ’ಗೆ ಇಂಗ್ಲಿಷಿನಲ್ಲಿ ಮುನ್ನುಡಿ, ಒಳಗೆ ಜೋತಿರಾವ್ ಮತ್ತು ಧೋಂಡಿಬಾ ನಡುವೆ ಮರಾಠಿಯಲ್ಲಿ ಸಂವಾದ, ಅರ್ಪಣೆ ಗುಲಾಮಗಿರಿಯನ್ನು ತೊಡೆದ ಅಮೆರಿಕದ ಜನರಿಗೆ. ಒಂದೇ ಹೊದಿಕೆಯೊಳಗೆ ಇಷ್ಟು ಬೇರೆಬೇರೆ ಓದುಗರನ್ನು ಕೂರಿಸಿದ ಇನ್ನೊಂದು ಪುಸ್ತಕವನ್ನು ಆ ಕಾಲದ ಪುಣೆಯಲ್ಲಿ ನಾನು ಕಂಡಿಲ್ಲ. ಧೋಂಡಿಬಾ ಪ್ರಶ್ನೆ ಕೇಳುತ್ತಾನೆ, ಜೋತಿರಾವ್ ಉತ್ತರಿಸುತ್ತಾರೆ. ಆ ಉತ್ತರ ಪಕ್ಕದ ಪೇಟೆಯ ಶಾಸ್ತ್ರಿಗೂ ಕೇಳಲಿ ಎಂದೇ ದನಿ ಏರಿಸಿದೆ. ಶಾಸ್ತ್ರಿಗೆ ಕೇಳಿಸಿತು ಕೂಡ. ‘ನಿಬಂಧಮಾಲಾ’ ಪತ್ರಿಕೆಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರು ಫುಲೆಯವರ ಮರಾಠಿಯನ್ನು, ಅದರ ವ್ಯಾಕರಣವನ್ನು ಹಿಡಿದು ಗೇಲಿ ಮಾಡಿದರು. ವಾದಕ್ಕೆ ಉತ್ತರ ಕೊಡುವ ಬದಲು ಕಾಗುಣಿತ ತಿದ್ದುವ ಕೆಂಪು ಶಾಯಿಯ ಪರಂಪರೆ ಇಂದಿನ ಕಾಲೇಜುಗಳಲ್ಲೂ ಸೊಂಪಾಗಿದೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಇನ್ನೂ ಫಲವತ್ತಾದ ಜೋಡಿ 1882-83ರದು. ಹಂಟರ್ ಶಿಕ್ಷಣ ಆಯೋಗಕ್ಕೆ 1882ರ ಅಕ್ಟೋಬರ್ 19ರಂದು ಫುಲೆ ಇಂಗ್ಲಿಷಿನಲ್ಲಿ ಹೇಳಿಕೆ ಸಲ್ಲಿಸಿದರು. ಅದೇ ಕಾಲದಲ್ಲಿ ಬರೆಯುತ್ತಿದ್ದ ‘ಶೇತಕರ್‍ಯಾಚಾ ಆಸೂಡ್’ (ರೈತನ ಚಾಟಿ) 1883ರಲ್ಲಿ ಮುಗಿಯಿತು. ಎರಡರ ತಿರುಳೂ ಒಂದೇ: ಕಂದಾಯ ತೆರುವವನು ರೈತ, ಅದರಿಂದ ಓದು ಪಡೆಯುವವರು ಮೇಲಿನ ವರ್ಗದವರು. ಆಯೋಗದ ಮುಂದೆ ಫುಲೆ ವ್ಯಾಪಾರಿ, ಕೃಷಿಕ, ಪುರಸಭೆಯ ಸದಸ್ಯ ಎಂದು ಗುರುತಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ, ಮಹಾರ್–ಮಾಂಗ್ ಮಕ್ಕಳಿಗೆ ಶಾಲೆ ನಡೆಸಿದ ಅನುಭವವನ್ನು ಮುಂದಿಡುತ್ತಾರೆ. ಕನಿಷ್ಠ 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದು ಅಳೆದು ತೂಗಿ ಕೇಳುತ್ತಾರೆ. ‘ಆಸೂಡ್’ನಲ್ಲಿ ಆ ಹದ ಇಲ್ಲ. ಹುಟ್ಟು, ಮದುವೆ, ಸಾವು ಎನ್ನುತ್ತ ರೈತನ ಮನೆಯಿಂದ ದಕ್ಷಿಣೆ ಹೊರಡುವ ಪ್ರತಿಯೊಂದು ಸಂದರ್ಭವನ್ನೂ ಉಸಿರು ಬಿಡದೆ ಪೇರಿಸುತ್ತ ಹೋಗುತ್ತಾರೆ. ಅಚ್ಚಿಗೆ ಮೊದಲೇ ಸಭೆಗಳಲ್ಲಿ ಗಟ್ಟಿಯಾಗಿ ಓದಿದ ಪಠ್ಯ ಅದು. ವಾಕ್ಯಗಳ ಉದ್ದ ಬಾಯಿಗೆ ತಕ್ಕದ್ದು, ಕಣ್ಣಿಗಲ್ಲ. ‘ದೀನಬಂಧು’ ಪತ್ರಿಕೆಯಲ್ಲಿ ಅದರ ಸಂಪಾದಕ ಲೋಖಂಡೆಯವರು ಮೊದಲೆರಡು ಅಧ್ಯಾಯ ಅಚ್ಚು ಹಾಕಿ ನಿಲ್ಲಿಸಿಬಿಟ್ಟರು. ಸ್ವಂತ ಬಳಗದ ಸಂಪಾದಕನೇ ಹಿಂಜರಿದನೆಂದರೆ, ಮೂರನೆಯ ಕೇಳುಗನ ಭಾರ ಎಷ್ಟಿತ್ತೆಂದು ವಿದ್ಯಾರ್ಥಿ ಅಲ್ಲೇ ಊಹಿಸಬಹುದು. ಒಂದು ಪಠ್ಯದಲ್ಲಿದ್ದು ಇನ್ನೊಂದರಲ್ಲಿ ಕಾಣೆಯಾದದ್ದನ್ನು ಪಟ್ಟಿ ಮಾಡುವ ಕೆಲಸವನ್ನು ಮೊದಲು ಕೊಡಬೇಕು. ಏಥೋಸ್, ಪೇಥೋಸ್ ಎಂಬ ಹೆಸರುಗಳು ಆಮೇಲೆ ಬರಲಿ.

ಟಿಳಕರ ಪ್ರಕರಣ ಹೆಚ್ಚು ಪ್ರಸಿದ್ಧವಾದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ‘ಕೇಸರಿ’ ಪತ್ರಿಕೆಯ ಲೇಖನಗಳಿಗಾಗಿ 1908ರ ಜುಲೈಯಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ನಡೆದ ರಾಜದ್ರೋಹದ ವಿಚಾರಣೆಯಲ್ಲಿ ಅವರು ತಾವೇ ಸುಮಾರು 21 ಗಂಟೆ ವಾದಿಸಿದರು. ಅದು ನ್ಯಾಯಾಲಯದಲ್ಲಿ ನಡೆದ ರೆಟರಿಕ್ ವಿಶ್ಲೇಷಣೆಯೇ. ಆಂಗ್ಲೋ-ಇಂಡಿಯನ್ ಪತ್ರಿಕೆಗಳ ಬರಹಕ್ಕೆ ಉತ್ತರವಾಗಿ ಬಂದ ಲೇಖನವನ್ನು ಆ ಜಗಳದಿಂದ ಕಿತ್ತು ಓದಬೇಡಿ, ಮರಾಠಿ ಓದುಗನಿಗೆ ಬರೆದದ್ದನ್ನು ಸರಕಾರಿ ಅನುವಾದದಿಂದ ಅಳೆಯಬೇಡಿ ಎಂಬುದು ವಾದದ ಬೆನ್ನೆಲುಬು. ಒಂಬತ್ತು ಮಂದಿ ಜ್ಯೂರಿಯಲ್ಲಿ ಏಳು ಮಂದಿ ತಪ್ಪಿತಸ್ಥ ಎಂದರು. ನ್ಯಾಯಮೂರ್ತಿ ದಾವರ್ ಆರು ವರ್ಷದ ಗಡೀಪಾರು ವಿಧಿಸಿದರು. ತೀರ್ಪು ಕೊಡುವ ಅಧಿಕಾರ ಕರೆಯದೆ ಬಂದ ಕೇಳುಗನ ಕೈಯಲ್ಲೇ ಇತ್ತು.

ಬಯಸಿ ಕರೆದ ಮೂರನೆಯವನನ್ನು ನೋಡಬೇಕಾದರೆ ಮತ್ತೆ ಫುಲೆಯವರ ಕಡೆಗೇ ಬರಬೇಕು. 1888ರ ಮಾರ್ಚಿನಲ್ಲಿ ಡ್ಯೂಕ್ ಆಫ್ ಕನಾಟ್‌ಗಾಗಿ ಹರಿ ರಾವಜಿ ಚಿಪಳೂಣಕರರು ಪುಣೆಯಲ್ಲಿ ಔತಣ ಏರ್ಪಡಿಸಿದ್ದರು. ಒಡವೆ ಹೇರಿಕೊಂಡ ಗಣ್ಯರ ನಡುವೆ ಫುಲೆ ಬಡ ರೈತನ ಉಡುಗೆಯಲ್ಲಿ ಬಂದು, ಈ ದೇಶ ಇಲ್ಲಿ ಕೂತವರಲ್ಲಿಲ್ಲ, ಹಳ್ಳಿಯಲ್ಲಿದೆ ಎಂಬ ಅರ್ಥದ ಮಾತಾಡಿದರು. ಮಾತು ಡ್ಯೂಕನಿಗೆ, ಪೆಟ್ಟು ಊಟಕ್ಕೆ ಕೂತವರಿಗೆ. ಉಡುಗೆಯೂ ಇಲ್ಲಿ ವಾಕ್ಯವೇ.

ಕನ್ನಡ ಓದುಗರಿಗೆ ಪುಣೆಯ ಈ ಚರ್ಚೆ ದೂರದ್ದಲ್ಲ. ಬರವಣಿಗೆಯ ಗುಣದೋಷ ಹೇಳುವ ನಮ್ಮ ಅತ್ಯಂತ ಹಳೆಯ ಕೃತಿ ‘ಕವಿರಾಜಮಾರ್ಗ’ವನ್ನು 1898ರಲ್ಲಿ ಸಂಪಾದಿಸಿದ ಕೆ. ಬಿ. ಪಾಠಕರು ಪುಣೆಯ ಡೆಕ್ಕನ್ ಕಾಲೇಜಿನ ಸಂಸ್ಕೃತ ವಿದ್ವಾಂಸರು. ಅಲ್ಲಿನದೇ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಪ್ರಕಟಿಸಿದರು; ಟಿಳಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರೂ ಅವರೇ. ‘ಗತವೈಭವ’ ಕನ್ನಡಿಗರನ್ನು ಉದ್ದೇಶಿಸಿ ಬರೆದದ್ದು ನಿಜ. ಆದರೆ ಆಗಿನ ಧಾರವಾಡ, ಬೆಳಗಾವಿಗಳ ಶಾಲೆ–ಕಚೇರಿಗಳಲ್ಲಿ ಮರಾಠಿಗಿದ್ದ ಮೇಲುಗೈ ನೆನೆದರೆ, ಆ ಪುಸ್ತಕದ ಎಷ್ಟು ಪುಟಗಳು ಪಕ್ಕದಲ್ಲಿ ಕೂತ ಮರಾಠಿ ಓದುಗನಿಗೆ ಕೇಳಲೆಂದು ಬರೆದವು, ಎಷ್ಟು ಪುಟಗಳು ಮರಾಠಿಯಲ್ಲೇ ಓದು ಕಲಿತ ಕನ್ನಡಿಗನಿಗೆ ಎಂಬ ಪ್ರಶ್ನೆ ಏಳುತ್ತದೆ. ಪುಣೆಯ ವಿದ್ಯಾರ್ಥಿ ‘ಆಸೂಡ್’ ಹಿಡಿದು ಮಾಡುವ ಕೆಲಸವನ್ನು ಧಾರವಾಡದ ವಿದ್ಯಾರ್ಥಿ ಈ ಪುಸ್ತಕ ಹಿಡಿದು ಮಾಡಬಹುದು, ಅಧ್ಯಾಯ ಅಧ್ಯಾಯಕ್ಕೂ ಕೇಳುಗರನ್ನು ಗುರುತು ಹಾಕುತ್ತ.