ಗಾಳಿಯಲ್ಲಿ ಆಶೀರ್ವಾದ, ಬಾಗಿಲಲ್ಲಿ ಪಾದ್ರಿ

ಟೆಲಿವಿಷನ್ನಿಗೂ ಒಬ್ಬ ಪಾಲಕ ಸಂತಳಿದ್ದಾಳೆ ಎಂದರೆ ಹಲವರಿಗೆ ನಗು ಬರಬಹುದು. ಇಟಲಿಯ ಅಸಿಸಿ ಊರಿನ ಸನ್ಯಾಸಿನಿ ಕ್ಲಾರಾ ತೀರಿಕೊಂಡದ್ದು 1253ರಲ್ಲಿ. ಒಂದು ಕ್ರಿಸ್‌ಮಸ್ ರಾತ್ರಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಆಕೆಗೆ ದೂರದ ಚರ್ಚಿನ ಪೂಜೆ ಮಲಗಿದ್ದಲ್ಲೇ ಕಂಡಿತು, ಕೇಳಿಸಿತು ಎಂಬುದು ಐತಿಹ್ಯ. ಅದನ್ನೇ ಆಧಾರ ಮಾಡಿಕೊಂಡು ಪೋಪ್ ಹನ್ನೆರಡನೇ ಪಯಸ್ ಅವರು ಆಕೆಗೆ ಈ ಪಟ್ಟ ಕಟ್ಟಿದರು. ಆಜ್ಞಾಪತ್ರ ಪ್ರಕಟವಾದದ್ದು 1958ರಲ್ಲಿ.

ಧರ್ಮಪೀಠಗಳು ಹೊಸ ಯಂತ್ರ ಕಂಡರೆ ಬೆದರುತ್ತವೆ ಎಂಬ ಮಾತು ರೋಮಿನ ಕ್ಯಾಥೊಲಿಕ್ ಸಭೆಯ ಮಟ್ಟಿಗೆ ಅಷ್ಟಾಗಿ ಸಲ್ಲುವುದಿಲ್ಲ. ವ್ಯಾಟಿಕನ್ನಿನ ಆಕಾಶವಾಣಿ ಕೇಂದ್ರವನ್ನು ಕಟ್ಟಿಕೊಟ್ಟವನು ಸ್ವತಃ ಮಾರ್ಕೊನಿ. 1931ರ ಫೆಬ್ರುವರಿ 12ರಂದು ಹನ್ನೊಂದನೇ ಪಯಸ್ ಅಲ್ಲಿಂದ ಜಗತ್ತಿಗೆ ಮಾತನಾಡಿದರು. ಯಂತ್ರ ಹೊಸದು, ಭಾಷೆ ಮಾತ್ರ ಲ್ಯಾಟಿನ್! 1995ರ ಕ್ರಿಸ್‌ಮಸ್‌ಗೆ ಇಂಟರ್ನೆಟ್ ತಾಣ ಬಂತು. ಅದರ ಕಂಪ್ಯೂಟರುಗಳಿಗೆ ದೇವದೂತರ ಹೆಸರಿಟ್ಟರು. 2012ರ ಡಿಸೆಂಬರಿನಲ್ಲಿ 85 ವರ್ಷದ ಹದಿನಾರನೇ ಬೆನೆಡಿಕ್ಟ್ ಟ್ವಿಟರಿಗೂ ಕಾಲಿಟ್ಟರು.

ಉಪದೇಶವನ್ನು ಯಾವ ಯಂತ್ರವೂ ಹೊತ್ತೀತು. ಆದರೆ ಅನುಗ್ರಹವನ್ನು? ತೊಡಕು ಇರುವುದು ಇಲ್ಲಿ. ಪೋಪ್ ಜಗತ್ತಿಗೆ ನೀಡುವ ಆಶೀರ್ವಾದವನ್ನು ರೇಡಿಯೊ, ಟಿ.ವಿ.ಯಲ್ಲಿ ಭಕ್ತಿಯಿಂದ ಪಡೆದವರಿಗೂ ಪಾಪಶಿಕ್ಷೆಯಿಂದ ವಿನಾಯಿತಿ ದೊರೆಯುತ್ತದೆಂದು 1985ರಲ್ಲಿ ಆಜ್ಞೆ ಹೊರಟಿತು. (1517ರಲ್ಲಿ ಲೂಥರ್ ಜಗಳ ತೆಗೆದದ್ದು ಇದೇ ವಿನಾಯಿತಿಯ ಮಾರಾಟದ ವಿರುದ್ಧ.) ಪಾಪನಿವೇದನೆ, ಪರಮಪ್ರಸಾದಗಳಿಗೆ ಮಾತ್ರ ಆ ಸೌಲಭ್ಯವಿಲ್ಲ. ಇಂಟರ್ನೆಟ್ಟಿನಲ್ಲಿ ಸಂಸ್ಕಾರಗಳಿಲ್ಲ ಎಂದು ವ್ಯಾಟಿಕನ್ನಿನ 2002ರ ದಾಖಲೆ ಖಡಾಖಂಡಿತವಾಗಿ ಹೇಳಿತು. ರೊಟ್ಟಿ, ನೀರು, ಎಣ್ಣೆ, ತಲೆಯ ಮೇಲಿನ ಕೈ ಇವೆಲ್ಲ ಎದುರಿಗಿರಬೇಕಾದ ವಸ್ತುಗಳು; ಚಿತ್ರ ಸಾಲದು. 2011ರಲ್ಲಿ ಪಾಪನಿವೇದನೆಗೆ ಸಿದ್ಧಗೊಳಿಸುವ ಮೊಬೈಲ್ ಆ್ಯಪ್ ಒಂದು ಸುದ್ದಿಯಾದಾಗ, ಅದು ಪಾದ್ರಿಯ ಬದಲಿ ಅಲ್ಲವೆಂದು ವ್ಯಾಟಿಕನ್ ವಕ್ತಾರರು ಸ್ಪಷ್ಟಪಡಿಸಬೇಕಾಯಿತು.

ಪಂಡಿತರ ಈ ವಾದ 2020ರ ಮಾರ್ಚಿನಲ್ಲಿ ಸಾವಿನ ಹಾಸಿಗೆಯ ಪ್ರಶ್ನೆಯಾಯಿತು. ಉತ್ತರ ಇಟಲಿಯ ಬೆರ್ಗಾಮೊದಲ್ಲಿ ಕೊರೊನಾ ಪೀಡಿತರು ಬಂಧುಗಳ ಮುಖವನ್ನೂ ಕಾಣದೆ ಸಾಯುತ್ತಿದ್ದರು. ರೊಟ್ಟಿ, ದ್ರಾಕ್ಷಾರಸವನ್ನು ಮನೆಯಲ್ಲೇ ಇಟ್ಟುಕೊಂಡು ತೆರೆಯ ಮುಂದೆ ಸ್ವೀಕರಿಸಲು ಕೆಲವು ಪ್ರೊಟೆಸ್ಟೆಂಟ್ ಸಭೆಗಳು ಒಪ್ಪಿದವು. ರೋಮ್ ಒಪ್ಪಲಿಲ್ಲ. ಮಾರ್ಚ್ 27ರ ಸಂಜೆ, ಜಿನುಗುವ ಮಳೆಯಲ್ಲಿ, ಜನರೇ ಇಲ್ಲದ ಸಂತ ಪೀಟರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ನಿಂತು ನೀಡಿದ ಆಶೀರ್ವಾದ ಟಿ.ವಿ., ಮೊಬೈಲ್‌ಗಳಲ್ಲಿ ಮನೆಮನೆಗೆ ತಲುಪಿತು. ಫೋನಿನಲ್ಲಿ ಪಾಪನಿವೇದನೆ ಸಲ್ಲದೆಂಬ ನಿಯಮ ಮಾತ್ರ ಸಡಿಲಲಿಲ್ಲ.

ಅದಕ್ಕೆ ಒಂದು ವಾರ ಮುಂಚೆ ವ್ಯಾಟಿಕನ್ ಕಂಡುಕೊಂಡಿದ್ದ ದಾರಿ ಕುತೂಹಲಕರ. ಸಾವಿನಂಚಿನ ರೋಗಿಗಳಿರುವ ವಾರ್ಡಿನ ಬಾಗಿಲಲ್ಲಿ ಪಾದ್ರಿ ನಿಂತು ಎಲ್ಲರಿಗೂ ಒಟ್ಟಾಗಿ ಕ್ಷಮೆಯ ಮಾತು ಹೇಳಬಹುದು. ಒಳಗಿನವರಿಗೆ ಕೇಳಿಸುವಂತೆ ಧ್ವನಿವರ್ಧಕವನ್ನೂ ಬಳಸಬಹುದು. ಧ್ವನಿವರ್ಧಕಕ್ಕೆ ಸಿಕ್ಕ ಒಪ್ಪಿಗೆ ದಿಂಬಿನ ಪಕ್ಕದ ಮೊಬೈಲಿಗೆ ಏಕಿಲ್ಲ ಎಂದು ಹೊರಗಿನವರು ಕೇಳಬಹುದು. ಕಠಿಣವೆನಿಸಿದರೂ ಅದರಲ್ಲೊಂದು ತರ್ಕವಿದೆ: ಧ್ವನಿವರ್ಧಕ ಹಿಡಿದವನು ಅದೇ ಗಾಳಿ ಉಸಿರಾಡುತ್ತ ಬಾಗಿಲಲ್ಲೇ ನಿಂತಿರುತ್ತಾನೆ. ಬಾಗಿಲಿಗೂ ಪಾದ್ರಿ ಬರಲಾಗದಿದ್ದರೆ? ದೇವರೊಡನೆ ನೇರವಾಗಿ ಮಾತಾಡಿ, ಪಾಪನಿವೇದನೆ ಆಮೇಲೆ ಮಾಡಿ ಎಂದರು ಫ್ರಾನ್ಸಿಸ್.