ಕಡಬದ ತಾಮ್ರಪಟ: ಕುಣಿಗಲ್ ಅಧಿಕಾರಿಯ ಶನಿಕಾಟ

ಗುಬ್ಬಿ ಅಂದ್ರೆ ನನಗೆ ಮೊದಲು ನೆನಪಾಗೋದು ವೀರಣ್ಣನವರ ನಾಟಕ ಕಂಪನಿ. ಅದೇ ತಾಲ್ಲೂಕಿನ ಕಡಬ, ಹೆಬ್ಬಾರ ಶ್ರೀವೈಷ್ಣವರ ಹಳೇ ಊರು. ಅಲ್ಲಿ ಸಿಕ್ಕಿದ್ದು ಮಾತ್ರ ಜೈನ ಬಸದಿಯೊಂದರ ದಾನಪತ್ರ, ಅದೂ ರಾಷ್ಟ್ರಕೂಟರ ಮೂರನೇ ಗೋವಿಂದನ ಹೆಸರಲ್ಲಿ. ಕಾಲ ಶಕ 735, ಅಂದ್ರೆ ಒಂಬತ್ತನೇ ಶತಮಾನದ ಆರಂಭ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಸಂಪುಟದಲ್ಲಿ (1904) ಇದು ಗುಬ್ಬಿ 61.

ಒಳಗಿರೋ ಕಥೆ ನೋಡಿ. ಕುನುಂಗಿಲ್ ದೇಶ, ಅಂದ್ರೆ ಈಗಿನ ಕುಣಿಗಲ್ ಸೀಮೆ ಆಳ್ತಿದ್ದವನು ವಿಮಲಾದಿತ್ಯ. ಅವನಿಗೆ ಶನಿಕಾಟ. ಅದನ್ನು ಬಿಡಿಸಿದವರು ಅರ್ಕಕೀರ್ತಿ ಅನ್ನೋ ಜೈನಮುನಿ. ಗಂಗಮಂಡಲದ ಅಧಿಪತಿ ಚಾಕಿರಾಜ ವಿಮಲಾದಿತ್ಯನ ಸೋದರಮಾವ. ದೊರೆಯ ಹತ್ರ ಶಿಫಾರಸು ಮಾಡಿದ್ದು ಅವನೇ. ಜಾಲಮಂಗಲ ಅನ್ನೋ ಇಡೀ ಊರು ಶಿಲಾಗ್ರಾಮದ ಬಸದಿಗೆ ಹೋಯ್ತು. ಶಿಲಾಗ್ರಾಮ ಇದ್ದದ್ದು ಮಾನ್ಯಪುರದ ಪಕ್ಕ, ಇವತ್ತಿನ ನೆಲಮಂಗಲ ತಾಲ್ಲೂಕಿನ ಮಣ್ಣೆ ಕಡೆ. ಊರು ಕೊಡೋದು ಅಂದ್ರೆ ಅದರ ಕಂದಾಯ ಕೊಡೋದು. ಹಾಗಾಗಿ ಅಧಿಕಾರಿಯ ಗ್ರಹಚಾರಕ್ಕೆ ದುಡ್ಡು ತೆತ್ತವರು ಜಾಲಮಂಗಲದ ರೈತರು ಅಂತಲೇ ನಾನು ಓದ್ಕೊಳ್ಳೋದು.

ಪಟ ಅಸಲಿಯೇ ಅಂತ ಅನುಮಾನ ಪಟ್ಟ ವಿದ್ವಾಂಸರೂ ಇದ್ದಾರೆ. ಇರಲಿ, ನಕಲಿಯಾದ್ರೂ ಅದು ಜಮೀನಿನ ಹಕ್ಕಿಗೆ ಮಾಡಿದ ನಕಲಿ. ದಾಖಲೆ ತಿದ್ದೋ ಚಾಳಿ ನಮಗೆ ಹೊಸದಲ್ಲವಲ್ಲ!

ಕಲ್ಲಿನ ಶಾಸನ ಹೆಚ್ಚೆಂದ್ರೆ ಚರಂಡಿಗೆ ಚಪ್ಪಡಿ ಆಗುತ್ತೆ, ಓದೋಕಾದ್ರೂ ಉಳಿಯುತ್ತೆ. ತಾಮ್ರ ಗುಜರಿಗೆ ಹೋದ್ರೆ ಕರಗುತ್ತೆ. ಪಾಯ ತೋಡುವಾಗ ಅಕ್ಷರ ಇರೋ ತಗಡು ಸಿಕ್ಕರೆ ಉಜ್ಜಿ ತೊಳೀಬೇಡಿ, ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ.